ಶುಕ್ರವಾರದ ಇಪ್ಪತ್ತೈದು ಕಿಲೋಮೀಟರ್

ಏಪ್ರಿಲ್ 24, ಶುಕ್ರವಾರ. ಬೆಳಗಿನ ನಾಲ್ಕೂವರೆಗೆ ಕತಾರಿನ ಅಲ್ ವುಕೈರ್‌ನ ಅಲಿಯಬ್ಬನ ಕೆಫೆಟೇರಿಯಾದಲ್ಲಿ ದಿನದ ಮೊದಲ ಪಾತ್ರೆ ಚಹಾ ಕುದಿಯುತ್ತಿತ್ತು. ಜೆಸಿಕಾ ಗಲ್ಲಾದ ಮುಂದೆ ನಿಂತು, ದಪ್ಪ ಕಾಗದದ, ಮಡಚುವ ಯಾತ್ರಾ ಪುಸ್ತಿಕೆಯೊಂದನ್ನು ಬಿಚ್ಚಿ, ಮೊದಲ ಖಾಲಿ ಚೌಕದ ಮೇಲೆ ಬೆರಳಿಟ್ಟಳು.

"ಇದರೊಳಗೇ ಆಗ್ಬೇಕು ಬ್ಯಾರಿಗಳೇ. ಗೆರೆ ದಾಟಬಾರ್ದು."

"ಎಂತ ಜೆಸಿಕಕ್ಕ, ಇಪ್ಪತ್ತು ವರ್ಷದಿಂದ ಸ್ಟಾಂಪ್ ಒತ್ತುದು ನಾನು. ಬಲದಿಯಾ ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರೇ ಇಷ್ಟು ಹೆದರಿಸ್ಲಿಲ್ಲ."

ಅಲಿಯಬ್ಬ ಮುದ್ರೆಗೆ ಬಾಯಿಯಿಂದ ಹಬೆ ಊದಿ ಒತ್ತಿದ. ನೇರಳೆ ಶಾಯಿಯ ವೃತ್ತ ಮೂಡಿತು. ಅದರಲ್ಲಿ ಅಂಗಡಿಯ ಹೆಸರು ಅರಬಿಯಲ್ಲಿ, ಇಂಗ್ಲಿಷಿನಲ್ಲಿ, ಕೆಳಗೆ ವ್ಯಾಪಾರ ನೋಂದಣಿ ಸಂಖ್ಯೆ. ಜೆಸಿಕಾ ಹೇಳಿಕೊಟ್ಟಂತೆ ಅವನು ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ತಾರೀಕು, ಹೊತ್ತು ಬರೆದು ಸಹಿ ಹಾಕಿದ.

"ಇದನ್ನು ನೋಡಿ ಸ್ಪೇನಿನವರು ಸಮೋಸಾಕ್ಕೆ ಫೋನ್ ಮಾಡಿದ್ರೆ ಡೆಲಿವರಿ ಮಾಫಿ, ಇಲ್ವೇ ಇಲ್ಲ ಅಂತ ಹೇಳಿಬಿಡಿ ಆಯ್ತಾ."

ಅವನ ಹೆಂಡತಿ ಝೈನಬ ಹೊರಗೆ ತನ್ನ ಬಿಳಿ ಸನ್ನಿ ಕಾರಿಗೆ ನೀರಿನ ಬಾಟಲಿಗಳನ್ನು ತುಂಬುತ್ತಿದ್ದಳು. ಅವಳೂ ಜೆಸಿಕಾಳೂ ಒಂದೇ ಕಟ್ಟಡದ ಎದುರುಬದುರು ಮನೆಯವರು. ಝೈನಬ ಉಪ್ಪಿನಂಗಡಿಯವಳು, ಜೆಸಿಕಾ ಕಿನ್ನಿಗೋಳಿಯವಳು. ಈ ದಿನ ಜೆಸಿಕಾ ಇಲ್ಲಿಂದ ಅಬು ಹಮೂರ್‌ನ ಚರ್ಚಿನವರೆಗೆ ಇಪ್ಪತ್ತೈದು ಕಿಲೋಮೀಟರ್ ನಡೆದು, ಹನ್ನೊಂದೂವರೆಗೆ ಅಲ್ಲಿನ ಕಚೇರಿ ಮುಚ್ಚುವ ಮೊದಲು ಎರಡನೆಯ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಮರುದಿನ ಬೆಳಿಗ್ಗೆ ಅವಳ ವಿಮಾನ.

ಈ ಲೆಕ್ಕವೆಲ್ಲ ಗಂಡ ಟೋನಿಯದು. ಟೋನಿ ಕೊಳ್ಳೇಗಾಲದ ಕಡೆಯ ಕನ್ನಡ ಕ್ರೈಸ್ತ. ದೋಹಾದ ಒಂದು ನಿರ್ಮಾಣ ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದ. ಐದು ವರ್ಷದ ಹಿಂದೆ ಕೆಲಸಗಾರರು ನಿಲ್ಲುವ ಸ್ಕ್ಯಾಫೋಲ್ಡಿಂಗಿನ ಹಲಗೆಯೊಂದು ಜಾರಿ ಎರಡನೇ ಮಹಡಿಯಿಂದ ಬಿದ್ದ. ಬೆನ್ನುಮೂಳೆಗೆ ಪೆಟ್ಟಾಯಿತು. ಈಗ ವಾಕರ್ ಹಿಡಿದು ಹಾಸಿಗೆಯಿಂದ ಬಾಲ್ಕನಿಯವರೆಗೆ ಹೋಗುತ್ತಾನೆ, ಅಷ್ಟೆ. ಬೀಳುವುದಕ್ಕೆ ಮೊದಲೇ ಅವನು ಒಂದು ಹರಕೆ ಹೇಳಿಕೊಂಡಿದ್ದ, ಸಾಂತಿಯಾಗೊಗೆ ನಡೆದು ಬರುತ್ತೇನೆಂದು. ಸ್ಪೇನಿನ ವಾಯವ್ಯ ಮೂಲೆಯ ಆ ಊರಿನಲ್ಲಿ ಸಂತ ಯಾಕೋಬರ ಸಮಾಧಿ ಇದೆ ಎಂಬ ನಂಬಿಕೆಯಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಅಲ್ಲಿಗೆ ನಡೆಯುತ್ತಿದ್ದಾರೆ. ಹಾಸಿಗೆ ಹಿಡಿದ ಐದು ವರ್ಷಗಳಲ್ಲಿ ಟೋನಿ ಆ ದಾರಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದ.

"ಅದಕ್ಕೆ ಇಂಥದ್ದೇ ಆರಂಭ ಅಂತ ಇರ್ಲಿಲ್ಲ ಕಣೇ," ಎನ್ನುತ್ತಿದ್ದ. "ಅವರವರ ಮನೆ ಹೊಸಿಲಿಂದ್ಲೇ ಶುರು. ಬಾಗ್ಲು ಹಾಕ್ದ, ನಡ್ದ. ಇಂಗ್ಲೆಂಡ್‌ನೋರು ಮಾತ್ರ ಹಡಗು ಹತ್ತಿ ಕೊರುನ್ಯಾ ಬಂದರಲ್ಲಿ ಇಳ್ದು ಅಲ್ಲಿಂದ ನಡಿಯೋರು. ಹಡಗಲ್ಲಿ ಕುರಿ ತುಂಬ್ದಂಗೆ ತುಂಬ್ತಿದ್ರಂತೆ."

ಕೊರುನ್ಯಾದಿಂದ ಸಾಂತಿಯಾಗೊಗೆ ಎಪ್ಪತ್ತೈದು ಕಿಲೋಮೀಟರ್. ಇಂಗ್ಲಿಷರ ದಾರಿ ಎಂದು ಅದಕ್ಕೆ ಇಂದಿಗೂ ಹೆಸರು. ಜೆಸಿಕಾಳಿಗೆ ಕಂಪನಿ ಕೊಟ್ಟಿದ್ದು ಐದು ದಿನದ ರಜೆ. ಆ ಐದು ದಿನಕ್ಕೆ ಸರಿಹೊಂದುವ ದಾರಿ ಅದೊಂದೇ. ಆದರೆ ಅಲ್ಲಿನ ಪ್ರಧಾನ ದೇವಾಲಯ ಯಾತ್ರೆಯ ಪತ್ರ ಕೊಡುವುದು ನೂರು ಕಿಲೋಮೀಟರ್ ನಡೆದವರಿಗೆ. ಉಳಿದ ಇಪ್ಪತ್ತೈದನ್ನು ಯಾತ್ರಿಕ ತನ್ನ ಊರಿನಲ್ಲೇ ನಡೆದು, ಅದಕ್ಕೆ ಮುದ್ರೆಯ ಸಾಕ್ಷಿ ತಂದರೆ ಒಪ್ಪಬಹುದೆಂದು ಕೆಲವು ವರ್ಷಗಳ ಹಿಂದೆ ನಿಯಮ ಸಡಿಲವಾಗಿತ್ತು. ನಡೆಯಲಾಗದ ರೋಗಿಯ ಪರವಾಗಿ ಇನ್ನೊಬ್ಬರು ನಡೆದರೆ ಪತ್ರದಲ್ಲಿ ಆ ರೋಗಿಯ ಹೆಸರನ್ನೂ ಬರೆಯುತ್ತಾರೆ. ಆ ಪದ್ಧತಿ ಹಳೆಯದು. ಸಾಯುವಾಗ ಉಯಿಲಿನಲ್ಲಿ ಹಣವಿಟ್ಟು, ತನ್ನ ಪರವಾಗಿ ಯಾರಾದರೂ ನಡೆಯಲಿ ಎಂದು ಬರೆದಿಡುವವರು ಆಗಲೂ ಇದ್ದರು.

ಟೋನಿಗೆ ಬೇಕಿದ್ದುದು ಆ ಪತ್ರ, ಅದರಲ್ಲಿ ತನ್ನ ಹೆಸರು. ಈ ಇಪ್ಪತ್ತೈದು ಕಿಲೋಮೀಟರಿನ ಪುರಾವೆ ಕೆಟ್ಟರೆ ಮುಂದಿನ ಎಪ್ಪತ್ತೈದಕ್ಕೂ ಬೆಲೆಯಿಲ್ಲ.

ಜೆಸಿಕಾ ನಡೆಯತೊಡಗಿದಳು.

ಅಲ್ ವುಕೈರ್‌ನಿಂದ ಅಬು ಹಮೂರ್‌ಗೆ ನೇರ ಹೋದರೆ ಅಷ್ಟು ದೂರವಿಲ್ಲ. ಟೋನಿ ಮ್ಯಾಪಿನ ಮೇಲೆ ಪೂರ್ವಕ್ಕೆ ಅಲ್ ವಕ್ರಾದ ಕಡಲತೀರಕ್ಕೆ ಹೋಗಿ ಅಲ್ಲಿಂದ ಉತ್ತರಕ್ಕೆ ತಿರುಗುವ ಸುತ್ತುದಾರಿ ಗೀಚಿದ್ದ. ಮೊದಲ ಏಳು ಕಿಲೋಮೀಟರ್ ಸಲೀಸಾಗಿ ಮುಗಿದವು. ಆರು ಗಂಟೆಗೆ ಅವಳು ಕಡಲ ಬಳಿ ಇದ್ದಳು. ಬಿಸಿಲು ಆಗಲೇ ಕುತ್ತಿಗೆಗೆ ತಾಗುತ್ತಿತ್ತು. ಝೈನಬ ಒಂದೊಂದು ಕಿಲೋಮೀಟರ್ ಮುಂದೆ ಹೋಗಿ ಕಾರು ನಿಲ್ಲಿಸಿ ಕಾಯುತ್ತಿದ್ದಳು, ಇವಳು ಹತ್ತಿರ ಬಂದೊಡನೆ ಉಪ್ಪು ಹಾಕಿದ ಲಿಂಬೆ ನೀರು ಚಾಚುತ್ತಿದ್ದಳು.

"ನಾನು ಉಮ್ರಾ ಯಾತ್ರೆಗೆ ಹೋದಾಗ ಹೋಟೆಲಿಂದ ಹರಮ್ ಮಸೀದಿಗೆ ಬಸ್ಸುಂಟು ಮಾರಾಯ್ತಿ. ನಿಮ್ಮವರದ್ದು ಇದೆಂಥ ಹಠ, ಊರಲ್ಲೇ ನಡೆದು ಆಮೇಲೆ ಅಲ್ಲೂ ನಡೆಯುದು?"

"ಕುಡಿದು ಬಾಟಲಿ ಕೊಡ್ತೇನೆ, ಭಾಷಣ ಬೇಡ."

"ಯಲ್ಲಾ, ನಡಿ ಹಾಗಾದ್ರೆ."

ಇಯರ್‌ಫೋನಿನಲ್ಲಿ ಟೋನಿ ಇದ್ದ. ಅವಳ ಫೋನಿನ ಚುಕ್ಕೆ ಸರಿಯುವುದನ್ನು ಅವನು ತನ್ನ ಪರದೆಯ ಮೇಲೆ ನೋಡುತ್ತಿದ್ದ. ಹತ್ತನೆಯ ಕಿಲೋಮೀಟರಿನಲ್ಲಿ ಅವನು ಕಪ್ಪೆಚಿಪ್ಪಿನ ಕಥೆ ಹೇಳಿದ. ಹಿಂದೆ ಸಾಂತಿಯಾಗೊಗೆ ಹೋಗಿ ಬಂದುದಕ್ಕೆ ಗುರುತೆಂದರೆ ಅಲ್ಲಿನ ಕಡಲ ಚಿಪ್ಪು. ಟೊಪ್ಪಿಗೆಗೆ ಹೊಲಿದುಕೊಂಡು ಬರುತ್ತಿದ್ದರು. ನಡೆಯದೆಯೇ ಚಿಪ್ಪು ಕೊಂಡುಕೊಳ್ಳುವವರು, ದಾರಿಯುದ್ದಕ್ಕೂ ಮಾರುವವರು ಹುಟ್ಟಿಕೊಂಡರು. ಹಾಗಾಗಿ ಮುದ್ರೆ ಹಾಕಿದ ಪತ್ರ ಬಂತು.

"ಪತ್ರಾನೂ ಯಾಕೆ ಬೇಕಿತ್ತು ಗೊತ್ತಾ? ಕೊಲೆ ಮಾಡ್ದೋನ್ಗೆ ಕೆಲವು ಊರಲ್ಲಿ ಕೋರ್ಟು ಇದನ್ನೇ ಶಿಕ್ಷೆ ಅಂತ ಕೊಡೋದು. ಹೋಗು, ನಡ್ಕೊಂಡ್ ಬಾ, ಕಾಗ್ದ ತೋರ್ಸು. ಕಾಗ್ದ ಇಲ್ದಿದ್ರೆ ಊರೊಳಗೆ ಸೇರ್ಸ್ತಿರ್ಲಿಲ್ಲ."

ಜೆಸಿಕಾ ಹೆಜ್ಜೆ ಬಿರುಸು ಮಾಡಿದಳು. ಉಸಿರು ಉಳಿಸಿಕೊಳ್ಳುತ್ತಿದ್ದೇನೆ ಎಂದು ಅವನು ತಿಳಿದುಕೊಳ್ಳಲಿ ಎಂದುಕೊಂಡಳು.

ಅವಳ ಕೆಲಸವೇ ಕಾಗದ. ಇಪ್ಪತ್ತನಾಲ್ಕು ವರ್ಷಗಳಿಂದ ಅದೇ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಸೈಟಿನಿಂದ ಬರುವ ಪ್ರತಿಯೊಂದು ನಕ್ಷೆ, ಪತ್ರ, ತಪಾಸಣೆಯ ಹಾಳೆ ಅವಳ ಮೇಜನ್ನು ದಾಟಬೇಕು. ಸ್ವೀಕರಿಸಲಾಗಿದೆ ಎಂಬ ಮುದ್ರೆ ಅವಳ ಕೈಯಲ್ಲಿರುತ್ತದೆ. ಟೋನಿ ಬಿದ್ದ ದಿನ ಬೆಳಿಗ್ಗೆಯೂ ಸ್ಕ್ಯಾಫೋಲ್ಡಿಂಗ್ ತಪಾಸಣೆಯ ಹಾಳೆ ಬಂದಿತ್ತು. ಎಲ್ಲ ಚೌಕಗಳಲ್ಲೂ ಸರಿ ಗುರುತು. ಅವಳು ಮುದ್ರೆ ಒತ್ತಿ ಕಡತಕ್ಕೆ ಸೇರಿಸಿದಳು. ವಿಚಾರಣೆಯ ಹೊತ್ತಿಗೆ ಅದೇ ಹಾಳೆಯನ್ನು ಮತ್ತೆ ತೆಗೆದು ನೋಡಿದಾಗ ಕಂಡಿತು: ಹನ್ನೆರಡು ದಿನದ ತಾರೀಕುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದಂತಿದ್ದವು. ಕಾಗದದಲ್ಲಿ ತಪಾಸಣೆ ಆಗಿತ್ತು. ಹಲಗೆಯನ್ನು ಯಾರೂ ನೋಡಿರಲಿಲ್ಲ. ತಪ್ಪು ಬರೆದವನದು, ಅವಳದಲ್ಲ ಎಂದು ಎಲ್ಲರೂ ಹೇಳಿದರು. ಟೋನಿಯೂ ಹೇಳಿದ. ಅಂದಿನಿಂದ ಅವಳು ತಾರೀಕು ಓದದೆ ಒಂದೂ ಮುದ್ರೆ ಒತ್ತಿಲ್ಲ.

ಹದಿನೇಳನೆಯ ಕಿಲೋಮೀಟರಿನಲ್ಲಿ ದಾರಿ ಮುಚ್ಚಿತ್ತು. ಕೆಂಪು ಬಿಳಿ ಪ್ಲಾಸ್ಟಿಕ್ ತಡೆಗಳು, ಆಚೆ ಅಗೆದ ಹೊಂಡ. ಕಾಲುದಾರಿಯೂ ಇಲ್ಲ. ಗಂಟೆ ಎಂಟು ನಲವತ್ತು.

"ಪಶ್ಚಿಮಕ್ಕೆ ಸುತ್ತು ಹಾಕ್ಬೇಕು," ಟೋನಿ ಮ್ಯಾಪು ನೋಡಿ ಹೇಳಿದ. ಅವನ ದನಿಯಲ್ಲಿದ್ದ ತಮಾಷೆ ಹೋಗಿತ್ತು. "ಎರಡು ಕಿಲೋಮೀಟರ್ ಜಾಸ್ತಿ ಆಗುತ್ತೆ. ಇನ್ನೂ ಹತ್ತು ಉಳಿತು ಜೆಸ್ಸಿ."

ಹತ್ತು ಕಿಲೋಮೀಟರ್, ಎರಡು ಗಂಟೆ ಐವತ್ತು ನಿಮಿಷ. ಮಾಮೂಲಿ ದಿನವಾಗಿದ್ದರೆ ಸಾಕಷ್ಟು ಹೊತ್ತು. ಆದರೆ ಎಡಗಾಲಿನ ಹೆಬ್ಬೆರಳಿನಲ್ಲಿ ಎದ್ದ ಗುಳ್ಳೆ ಒಡೆದು ಕಾಲುಚೀಲ ಒದ್ದೆಯಾಗಿತ್ತು. ಝೈನಬ ಕಾರಿನ ಬಾಗಿಲು ತೆಗೆದಳು.

"ಕೂತುಕೋ ಮೊದಲು. ಕಾಲು ಕೊಡು ಇಲ್ಲಿ."

ಜೆಸಿಕಾ ಹಿಂದಿನ ಸೀಟಿನಲ್ಲಿ ಕೂತು ಶೂ ಕಳಚಿದಳು. ಝೈನಬ ಹತ್ತಿಯನ್ನೂ ಟೇಪನ್ನೂ ತೆಗೆದುಕೊಟ್ಟು ಮುಂದೆ ಹೋಗಿ ಕೂತಳು. ಹಿಂದಿನಿಂದ ಮರಳಿನ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು. ಬೈಯುತ್ತಲೇ ಝೈನಬ ಅದಕ್ಕೆ ದಾರಿ ಬಿಟ್ಟು ಕಾರನ್ನು ಮುಂದಕ್ಕೆ ಸರಿಸಿ ಅಂಚಿಗೆ ಹಾಕಿದಳು. ಜೆಸಿಕಾ ತಲೆ ಬಗ್ಗಿಸಿ ಬೆರಳಿಗೆ ಟೇಪು ಸುತ್ತುತ್ತಿದ್ದಳು.

"ಒಂದು ಮಾತು ಹೇಳ್ತೇನೆ, ಕೋಪ ಮಾಡ್ಬೇಡ," ಎಂದಳು ಝೈನಬ. "ಎರಡು ಕಿಲೋಮೀಟರ್ ಹೆಚ್ಚಿಗೆ ಅಲ್ವಾ? ಆ ಎರಡು ಮಾತ್ರ ಕಾರಲ್ಲಿ ಬಾ. ಲೆಕ್ಕಕ್ಕೆ ಇಪ್ಪತ್ತೈದೇ ಆಯ್ತಲ್ಲ. ಖಲಾಸ್."

ತಪ್ಪಿಲ್ಲದ ಲೆಕ್ಕ. ಫೋನಿನ ಆ ಕಡೆ ಟೋನಿ ಕೇಳಿಸಿಕೊಂಡಿದ್ದ.

"ನೀನೇ ನೋಡು," ಎಂದ.

"ಬೇಡ," ಜೆಸಿಕಾ ಶೂ ಹಾಕಿಕೊಂಡಳು. "ನಡುವೆ ಕಡಿದ್ರೆ ಅದು ಎರಡು ದಾರಿ ಆಗ್ತದೆ."

ಆಮೇಲಿನ ಎರಡು ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ. ಗೋಡೆಗಳ ನೆರಳು ಗೋಡೆಗಳ ಬುಡಕ್ಕೇ ಸರಿದಿತ್ತು. ಹತ್ತು ಗಂಟೆಗೆ ಅವಳು ಬಸ್ ನಿಲ್ದಾಣವೊಂದರ ಬೆಂಚಿನಲ್ಲಿ ಕೂತಳು. ಎದ್ದಾಗ ಕಣ್ಣು ಕತ್ತಲಿಟ್ಟು ಕಂಬ ಹಿಡಿದುಕೊಂಡಳು. ಝೈನಬ ಇಳಿದು ಬಂದು ಅವಳ ತಲೆಯ ಮೇಲೆ ಅರ್ಧ ಬಾಟಲಿ ನೀರು ಸುರಿದಳು, ಈ ಸಲ ಕಾರಿನ ಮಾತೆತ್ತಲಿಲ್ಲ. ಚುಕ್ಕೆ ನಿಂತಾಗಲೆಲ್ಲ ಟೋನಿ "ಜೆಸ್ಸಿ?" ಎನ್ನುತ್ತಿದ್ದ. ಅವಳು "ಹ್ಞೂ" ಎನ್ನುತ್ತಿದ್ದಳು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಅಬು ಹಮೂರ್‌ನ ಆವರಣದ ಗೇಟು ಮುಟ್ಟಿದಳು. ಝೈನಬ ಹೊರಗೆ ಕಾರಿನಲ್ಲೇ ಉಳಿದಳು. ಒಳಗೆ ಒಂದು ಭಾಷೆಯ ಪೂಜೆ ಮುಗಿದು ಇನ್ನೊಂದು ಭಾಷೆಯದು ಶುರುವಾಗುವ ಹೊತ್ತು. ಸಾವಿರಾರು ಜನ ಎದುರಿನಿಂದ ಬರುತ್ತಿದ್ದರು. ಅವರ ನಡುವೆ ಕುಂಟುತ್ತಾ ಅವಳು ಕಚೇರಿಯ ಕಿಟಕಿ ತಲುಪಿದಾಗ ಹನ್ನೊಂದು ಇಪ್ಪತ್ತು. ಕೌಂಟರಿನಲ್ಲಿದ್ದ ಮಲಯಾಳಿ ಸ್ವಯಂಸೇವಕಿ ಪುಸ್ತಿಕೆ ನೋಡಿ, ಬೆವರಿಳಿಯುತ್ತಿದ್ದ ಮುಖ ನೋಡಿ, ಮುಗುಳ್ನಕ್ಕು ಮುದ್ರೆ ಒತ್ತಿದಳು.

ಜೆಸಿಕಾ ತಾರೀಕು ಓದಿದಳು. ಚರ್ಚಿನ ಗುರುತಿನ ನಡುವೆ ಸ್ಪಷ್ಟವಾಗಿ ಮೂಡಿತ್ತು: 26 ಏಪ್ರಿಲ್.

"ಇವತ್ತು ಇಪ್ಪತ್ತನಾಲ್ಕು," ಎಂದಳು.

"ಪೂಜೆ ಭಾನುವಾರದ್ದಲ್ಲವೇ," ಎಂದಳು ಸ್ವಯಂಸೇವಕಿ ಸಹಜವಾಗಿ.

ಇಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ. ಹಾಗಾಗಿ ಭಾನುವಾರದ ಪೂಜೆಯನ್ನು ಜನ ಶುಕ್ರವಾರವೇ ಮುಗಿಸುತ್ತಾರೆ. ಆ ದಿನದ ವಾಚನ, ಪ್ರಾರ್ಥನೆ ಎಲ್ಲ ಭಾನುವಾರದ್ದೇ. ಈ ಕೌಂಟರಿನವರು ಶುಕ್ರವಾರ ಬೆಳಿಗ್ಗೆಯೇ ಮುದ್ರೆಯ ಚಕ್ರ ತಿರುಗಿಸಿ ಭಾನುವಾರದ ತಾರೀಕು ಇಟ್ಟುಕೊಳ್ಳುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅದು ಯಾರಿಗೂ ತಪ್ಪೆನಿಸಿರಲಿಲ್ಲ. ಜೆಸಿಕಾಳೇ ಎಷ್ಟೋ ಸಲ ಕಾಣಿಕೆಗೆ ಅಂಥ ರಸೀದಿಗಳನ್ನು ಪಡೆದಿದ್ದಳು. ಆದರೆ ಸ್ಪೇನಿನವರಿಗೆ ಭಾನುವಾರವೆಂದರೆ ಭಾನುವಾರವೇ. ಆ ದಿನ ಅವಳು ಕೊರುನ್ಯಾದ ಚರ್ಚಿನಲ್ಲಿ ಮುದ್ರೆ ಒತ್ತಿಸಿಕೊಂಡು ಹೊರಡುವವಳು. ಒಂದೇ ದಿನ ಒಬ್ಬಳೇ ಹೆಂಗಸು ಕತಾರಿನಲ್ಲೂ ಸ್ಪೇನಿನಲ್ಲೂ ನಡೆದಳೆಂದು ಪುಸ್ತಿಕೆ ಹೇಳಲಿತ್ತು.

ಸ್ವಯಂಸೇವಕಿ ಚಕ್ರ ತಿರುಗಿಸಿ, ಅದರ ಮೇಲೆಯೇ ಮತ್ತೊಮ್ಮೆ ಒತ್ತಲು ಕೈಯೆತ್ತಿದಳು. ಜೆಸಿಕಾ ಪುಸ್ತಿಕೆಯನ್ನು ಎಳೆದುಕೊಂಡಳು.

"ಮೇಲೆ ಒತ್ತಬೇಡಿ. ಎರಡೂ ಓದಲಿಕ್ಕೆ ಆಗುದಿಲ್ಲ ಆಮೇಲೆ."

ಅವಳ ಕಚೇರಿಯಲ್ಲಿ ಇದಕ್ಕೆ ಒಂದೇ ದಾರಿ. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದುದು, ಅಧಿಕಾರ ಇರುವವರ ಸಹಿ. ಅಧಿಕಾರ ಇದ್ದ ಪಾದ್ರಿ ಪೂಜೆಯಲ್ಲಿದ್ದರು, ಮುಗಿಯುವುದು ಹನ್ನೆರಡೂವರೆಗೆ. ಕಚೇರಿಯ ಬಾಗಿಲು ಮುಚ್ಚಿತು. ಜೆಸಿಕಾ ಗೋಡೆಯ ಪಕ್ಕ ಒಂದು ಗೇಣು ನೆರಳಿನಲ್ಲಿ ನಿಂತು ಟೋನಿಗೆ ಹೇಳಿದಳು.

ಅವನು ತಾರೀಕನ್ನು ಇನ್ನೊಮ್ಮೆ ಹೇಳಿಸಿಕೊಂಡ.

"ಆ 26ರ ಆರು ಹೆಂಗೈತೆ ನೋಡು. ಶಾಯಿ ದಪ್ಪ ಇದ್ಯಾ?"

"ಯಾಕೆ?"

"ಬ್ಲೇಡಲ್ಲಿ ಸ್ವಲ್ಪ ಕೆರುದ್ರೆ, ಪೆನ್ನಲ್ಲಿ ಒಂದು ಗೆರೆ ಎಳುದ್ರೆ ನಾಲ್ಕಾಗುತ್ತೆ. ನಡ್ದಿರೋದಂತೂ ನಿಜ ತಾನೇ? ಪಾದ್ರಿ ಸಹಿ ಹಾಕಲ್ಲ ಅಂದ್ರೆ ಏನ್ ಮಾಡ್ತೀಯ? ನಾಳೆ ಫ್ಲೈಟು. ಐದು ವರ್ಷ ಜೆಸ್ಸಿ..."

"ಟೋನಿ," ಅವಳು ನಿಧಾನವಾಗಿ ಕೇಳಿದಳು, "ಇದನ್ನು ನನಗೆ ನೀನು ಹೇಳ್ತಾ ಇದ್ದೀಯಾ?"

ಆ ಕಡೆಯಿಂದ ವಾಕರಿನ ರಬ್ಬರು ಕಾಲು ನೆಲಕ್ಕೆ ತಾಗಿದ ಸದ್ದು ಒಮ್ಮೆ ಬಂತು. ಆಮೇಲೆ, "ಕಾಯಿ. ಪಾದ್ರಿ ಬರ್ಲಿ," ಎಂದ.

ಪಾದ್ರಿ ಗೋವಾದವರು, ಐವತ್ತು ದಾಟಿದವರು. ಪೂಜೆಯ ಉಡುಪು ಕಳಚಿ ಬಂದು, ಮೆಟ್ಟಿಲ ಮೇಲೆ ನಿಂತೇ ಎಲ್ಲ ಕೇಳಿಸಿಕೊಂಡರು. ಪುಸ್ತಿಕೆಯನ್ನು ತಿರುಗಿಸಿ ಅಲಿಯಬ್ಬನ ಮುದ್ರೆ ಓದಿದರು.

"ಮುದ್ರೆ ಇವತ್ತು ಬಿದ್ದದ್ದು ನಿಜ, ಅದಕ್ಕೆ ನಾನು ಸಹಿ ಹಾಕಬಲ್ಲೆ. ಆದರೆ ಇದು ಬರೀ ತಾರೀಕಿನ ಸಹಿಯಲ್ಲ. ನೀವು ಅಲ್ ವುಕೈರ್‌ನಿಂದ ಇಲ್ಲಿಯವರೆಗೆ ನಡೆದಿರಿ ಎಂದು ನಾನು ಹೇಳಿದಂತಾಗುತ್ತದೆ. ನಾನು ನೋಡಿಲ್ಲ. ನೋಡಿದವರು ಯಾರು?"

"ಹೊರಗೆ ಕಾರಿನಲ್ಲಿದ್ದಾಳೆ."

ಅವರು ತಡಮಾಡದೆ ಗೇಟಿನ ಕಡೆ ನಡೆದರು. ಜೆಸಿಕಾ ಹಿಂದೆ ಕುಂಟಿದಳು. ಬಿಳಿ ನಿಲುವಂಗಿಯ ಪಾದ್ರಿ ತನ್ನ ಕಡೆಗೇ ಬರುವುದನ್ನು ಕಂಡು ಝೈನಬ ಗಡಬಡಿಸಿ ಶಾಲು ಸರಿಮಾಡಿಕೊಂಡು ಗಾಜು ಇಳಿಸಿದಳು.

"ಎಂತ, ಇಲ್ಲಿ ಪಾರ್ಕಿಂಗ್ ಇಲ್ವಾ? ತೆಗಿತೇನೆ, ತೆಗಿತೇನೆ."

ಪಾದ್ರಿ ಹಿಂದಿಯಲ್ಲಿ ಕೇಳಿದರು. ಈಕೆ ಎಲ್ಲಿಂದ ಹೊರಟಳು, ಎಷ್ಟು ಗಂಟೆಗೆ, ಯಾವ ದಾರಿ. ಝೈನಬ ಹೇಳಿದಳು. ಒಂದು ಸಲವಾದರೂ ಕಾರು ಹತ್ತಿದಳೇ?

"ಒಂದು ಸಲ ಹತ್ತಿದಳು," ಎಂದಳು ಝೈನಬ.

ಜೆಸಿಕಾ ಒಂದು ಹೆಜ್ಜೆ ಮುಂದೆ ಬಂದಳು.

"ಕಾಲಿಗೆ ಪಟ್ಟಿ ಕಟ್ಟಿಕೊಳ್ಳುವುದಕ್ಕೆ. ಹತ್ತು ನಿಮಿಷ."

"ಆಗ ಕಾರು ಚಲಿಸಿತೇ?"

ಝೈನಬ ಜೆಸಿಕಾಳನ್ನು ನೋಡಿದಳು. ಸುಳ್ಳು ಹೇಳಬೇಕಾದರೆ ಅದೊಂದು ಕ್ಷಣ ಸಾಕಿತ್ತು. ಜೆಸಿಕಾಳಿಗೆ ಆಗಷ್ಟೇ ಲಾರಿಯ ಹಾರ್ನ್ ನೆನಪಾಯಿತು, ಟೇಪು ಸುತ್ತುವಾಗ ಸೀಟು ತುಸು ಅಲುಗಿದ್ದೂ ನೆನಪಾಯಿತು. ಆ ಸ್ವಲ್ಪ ದೂರವನ್ನು ಅವಳು ನಡೆದಿರಲಿಲ್ಲ.

"ಹೇಳು," ಎಂದಳು.

"ಲಾರಿಗೆ ಜಾಗ ಬಿಡಲು ಮುಂದೆ ತಂದೆ. ಒಂದು ನಲವತ್ತು ಮೀಟರ್. ಅವಳಿಗೆ ಗೊತ್ತಿಲ್ಲ, ತಲೆ ಬಗ್ಗಿಸಿಕೊಂಡಿದ್ದಳು. ತಪ್ಪು ನನ್ನದು." ಹಿಂದಿ ಅಲ್ಲಿಗೇ ಮುಗಿದು ಕನ್ನಡಕ್ಕೆ ಇಳಿಯಿತು. "ಇನ್ನು ನಲವತ್ತು ಮೀಟರಿಗೆ ಇವಳನ್ನು ನರಕಕ್ಕೆ ಹಾಕ್ತಾರಾ ಕೇಳು ಇವರಲ್ಲಿ."

"ಇದನ್ನೂ ಬರಿ," ಎಂದಳು ಜೆಸಿಕಾ.

ಪಾದ್ರಿ ತಡೆಯಲಿಲ್ಲ. ಕಾರಿನ ಬಾನೆಟ್ ಸುಡುತ್ತಿತ್ತು. ಝೈನಬ ಪುಸ್ತಿಕೆಯನ್ನು ಸ್ಟಿಯರಿಂಗಿಗೆ ಒತ್ತಿ ಹಿಡಿದು, ಹಿಂಬದಿಯ ಖಾಲಿ ಪುಟದಲ್ಲಿ ಹತ್ತನೇ ಕ್ಲಾಸಿನ ಕನ್ನಡ ಅಕ್ಷರಗಳಲ್ಲಿ ಬರೆದಳು: "ಜೆಸಿಕಾ ಇವರು 24ನೇ ತಾರೀಕು ಶುಕ್ರವಾರ ಬೆಳಿಗ್ಗೆ 4.35ಕ್ಕೆ ಹೊರಟು 11.08ಕ್ಕೆ ಗೇಟಿಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಟ್ಟು 27 ಕಿ.ಮೀ. ಅದರಲ್ಲಿ 40 ಮೀಟರ್ ನನ್ನ ಕಾರಿನಲ್ಲಿ, ನನ್ನ ತಪ್ಪಿನಿಂದ. ಉಳಿದದ್ದು ಕಾಲಿನಲ್ಲಿ." ಕೆಳಗೆ ಹೆಸರು, ಸಹಿ, ಕತಾರಿನ ಗುರುತುಚೀಟಿಯ ಸಂಖ್ಯೆ.

ಜೆಸಿಕಾ ಅರ್ಥ ಹೇಳಲು ಬಾಯಿ ತೆರೆದಾಗ ಪಾದ್ರಿ ಕೈಯೆತ್ತಿ ತಡೆದರು. ಬರೆದವಳೇ ಹಿಂದಿಯಲ್ಲಿ ಹೇಳಲಿ ಎಂದರು. ಝೈನಬ ಹೇಳಿದಳು. ಅವರು ಅದರ ಕೆಳಗೆ ಸಹಿ ಹಾಕಿ, ಮುದ್ರೆಯ ಪುಟಕ್ಕೆ ತಿರುಗಿಸಿ, 26ರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 24 ಎಂದು ಬರೆದು ಮತ್ತೆ ಸಹಿ ಮಾಡಿದರು. ಗಂಟೆ ಒಂದಾಗಿತ್ತು.

ಆ ಪುಸ್ತಿಕೆ ಸಾಂತಿಯಾಗೊದ ಯಾತ್ರಿಕರ ಕಚೇರಿಯ ಮೇಜಿನ ಮೇಲೆ ಬಿಚ್ಚಿಕೊಂಡದ್ದು ಐದು ದಿನಗಳ ನಂತರ, ಬುಧವಾರ ಮಧ್ಯಾಹ್ನ. ಕೌಂಟರಿನ ಯುವತಿ ಕೊರುನ್ಯಾದಿಂದ ಮುಂದಿನ ಮುದ್ರೆಗಳನ್ನು ಬೇಗ ಬೇಗ ನೋಡಿ, ಹಿಂದಕ್ಕೆ ಬಂದು, ಗೆರೆ ಎಳೆದ ತಾರೀಕಿನ ಮೇಲೆ ಪೆನ್ನು ನಿಲ್ಲಿಸಿದಳು. ಎದ್ದು ಒಳಗೆ ಹೋಗಿ ಹಿರಿಯನೊಬ್ಬನನ್ನು ಕರೆತಂದಳು. ಅವನು ಕನ್ನಡಕ ಏರಿಸಿ ಹಿಂಬದಿಯ ಪುಟ ನೋಡಿದ. ಇದು ಯಾವ ಲಿಪಿ, ಏನು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಜೆಸಿಕಾ ಬೆರಳಿಟ್ಟು ಒಂದೊಂದೇ ಸಾಲು ಹೇಳಿದಳು. ನಲವತ್ತು ಮೀಟರನ್ನೂ ಹೇಳಿದಳು. ಹಿರಿಯ ಕೇಳಿಸಿಕೊಂಡ. ಪಾದ್ರಿಯ ಎರಡು ಸಹಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ. ಅಷ್ಟು ಹೊತ್ತೂ ಅವಳು ಮೇಜಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದಳು.

"ನಿಮ್ಮ ಗಂಡ ಬದುಕಿದ್ದಾರೆಯೇ?"

"ಇದ್ದಾರೆ. ನಡೆಯಲು ಆಗುವುದಿಲ್ಲ."

ಅವನು ಪುಸ್ತಿಕೆಯನ್ನು ಯುವತಿಯ ಮುಂದೆ ಸರಿಸಿ ತಲೆಯಾಡಿಸಿದ. ಅವಳು ಹೊಸ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದಳು.

ಜೆಸಿಕಾ ಹೊರಗೆ ಬಂದು ಕಲ್ಲುಕಟ್ಟೆಯ ಮೇಲೆ ಕೂತು ದೋಹಾಕ್ಕೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಟೋನಿ ಎತ್ತಿದ.

"ಕೊಟ್ರಾ?"

"ಕೊಟ್ರು."

"ಹೆಸ್ರು?"

"ಉಂಟು."

"ಗೆರೆ ಎಳ್ದಿದ್ದಕ್ಕೆ ಏನೂ ಅನ್ನಲಿಲ್ವಾ?"

"ಕೇಳಿದ್ರು. ಎಲ್ಲ ಹೇಳಿದೆ."

"ನಾನು ಅವತ್ತು ಆ ಬ್ಲೇಡಿನ ಮಾತು ಆಡ್ಬಾರ್ದಿತ್ತು ಕಣೇ."

"ಅದು ಬಿಡು," ಎಂದಳು ಜೆಸಿಕಾ. ಶೂ ಕಳಚಿ ಕಾಲನ್ನು ತಣ್ಣನೆಯ ಕಲ್ಲಿನ ಮೇಲಿಟ್ಟುಕೊಂಡಳು. "ಓದ್ತೇನೆ, ಕೇಳು. ಲ್ಯಾಟಿನ್‌ನಲ್ಲಿ ಉಂಟು, ತಪ್ಪಾದ್ರೆ ನಗಾಡಬೇಡ."

ಮೊದಲ ಸಾಲಿನಿಂದ ಶುರುಮಾಡಿ, ಎಲ್ಲೂ ಬಿಡದೆ, ಅವನ ಹೆಸರು ಬರುವವರೆಗೆ ಓದಿದಳು.